ಐದು ರೂಪಾಯಿ ಇನ್‌ಕ್ರಿಮೆಂಟು

‘ಮಾಲ್ಗುಡಿ ಡೇಸ್’ ಧಾರಾವಾಹಿಯ ಅಭಿಮಾನಿಗಳ ಮಾತು ಎಲ್ಲಿಂದಲೇ ಶುರುವಾಗಲಿ, ಸ್ವಲ್ಪ ಹೊತ್ತಿಗೆ ಅದನ್ನು ಚಿತ್ರೀಕರಿಸಿದ ಆಗುಂಬೆ ಮುಟ್ಟುತ್ತದೆ. ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು, ಮಾಸ್ಟರ್ ಮಂಜುನಾಥನ ಸ್ವಾಮಿ, ದೊಡ್ಡಮನೆಯ ಜಗಲಿ. ಬಂಕಾಪುರದ ಕಡೆ ಇದಕ್ಕೆ ಇನ್ನೊಂದು ಸೇರುತ್ತದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತವಾದಾಗ ಧಾರಾವಾಹಿಯ ನಿರ್ದೇಶಕ ಶಂಕರ್‌ನಾಗ್ ಲೋಕಾಪುರಕ್ಕೆ, ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದರು. ಅದೇ ಹೆದ್ದಾರಿ ನಮ್ಮೂರ ಮಗ್ಗುಲಲ್ಲೇ ಹಾಯ್ದು ಹುಬ್ಬಳ್ಳಿಗೆ ಹೋಗುತ್ತದೆ. ‘ಇನ್ನೊಂದೆರಡು ತಾಸು ಕಳದಿದ್ರ ಇಲ್ಲೇ ದಾಟಿ ಹೋಗತಿದ್ದ’ ಎಂದು ಯಾರೋ ಒಬ್ಬರು ಅಂದರೆ ಮುಗಿಯಿತು, ಧಾರಾವಾಹಿಯ ಮಾತು ಅಲ್ಲಿಗೇ ನಿಲ್ಲುತ್ತದೆ. ಸಂಕಟ ಸಹಜವೇ. ಆದರೆ ಮೂವತ್ತೊಂಬತ್ತು ಕಂತುಗಳ ಕೆಲಸವನ್ನು ಮುಗ್ಧತೆ, ಮಳೆ, ಅಕಾಲ ಮರಣ ಎಂಬ ಮೂರು ಮಾತಿನಲ್ಲಿ ಕಟ್ಟಿಡುವುದು ಆ ನಿರ್ದೇಶಕನಿಗೇ ಮಾಡುವ ಅನ್ಯಾಯ.

ನನ್ನ ಮಟ್ಟಿಗೆ ಆ ಸರಣಿಯ ಗಟ್ಟಿ ಭಾಗ ಸ್ವಾಮಿ ಅಲ್ಲ, ಸಂಬಳದ ಮನುಷ್ಯರು. ಇದನ್ನು ಚೆನ್ನಾಗಿ ಹಿಡಿದವರು ನಮ್ಮಲ್ಲಿ ಸಿನಿಮಾ ಬಲ್ಲವರಲ್ಲ, ರಿಟೈರಾದ ನೌಕರರು. ಸಂಜೆ ಚಹಾದಂಗಡಿಯಲ್ಲಿ ಮೊಬೈಲು ಹಿಡಿದು ಯೂಟ್ಯೂಬ್‌ನಲ್ಲಿ ಹಳೇ ಕಂತು ನೋಡುವ ಇವರಿಗೆ ಹಿಂದಿ ತೊಡಕಲ್ಲ. ದಖನಿ ಉರ್ದು ಓಣಿ ಓಣಿಯಲ್ಲಿ ಕೇಳುವ ಊರಿದು. ಅವರ ಚರ್ಚೆಯಲ್ಲಿ ಆಗುಂಬೆ ಬರುವುದೇ ಅಪರೂಪ. ಬರುವುದೆಲ್ಲ ರಜೆ, ಬಡ್ತಿ, ಸಾಹೇಬರು.

ವೆಂಕಟರಾಯನ ಕಥೆಯನ್ನೇ ನೋಡಿ. ತಿಂಗಳಿಗೆ ನಲವತ್ತು ರೂಪಾಯಿಯ ಗುಮಾಸ್ತ. ಮಗಳು ಶಾಂತಾಳನ್ನು ಸಿನಿಮಾಕ್ಕೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದಾನೆ. ಹುಡುಗಿ ಫ್ರಾಕು ತೊಟ್ಟು, ಪೌಡರು ಹಚ್ಚಿಕೊಂಡು ಕಾಯುತ್ತಾಳೆ. ಸಾಹೇಬ ಬೇಗ ಬಿಡುವುದಿಲ್ಲ. ರೋಸಿಹೋದವನು ರಾಜೀನಾಮೆ ಬರೆದು ಒಯ್ದರೆ, ನಿನಗೆ ಐದು ರೂಪಾಯಿ ಇನ್‌ಕ್ರಿಮೆಂಟಿಗೆ ಶಿಫಾರಸಾಗಿದೆ ಎಂಬ ಸುದ್ದಿ ಸಿಗುತ್ತದೆ. ಪತ್ರ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ, ರಾತ್ರಿಯಾದ ಮೇಲೆ ಮನೆಗೆ ಬರುತ್ತಾನೆ, ಮಗಳು ಹಾಕಿದ ಬಟ್ಟೆಯಲ್ಲೇ ಮಲಗಿದ್ದಾಳೆ.

ಸಾಮಾನ್ಯ ಪ್ರೇಕ್ಷಕ ಇಲ್ಲಿ ಮಗಳಿಗಾಗಿ ಮರುಗುತ್ತಾನೆ. ಚಹಾದಂಗಡಿಯಲ್ಲಿ ಒಬ್ಬ ಹಿರಿಯರು ಮಾತ್ರ, ‘ಅಂವಾ ರಾಜೀನಾಮಿ ಕೊಡಾಂವಲ್ಲ ಅಂತ ನನಗ ಮೊದಲ ಗೊತ್ತಿತ್ತು. ಕೊಡಾಂವ ಆಗಿದ್ರ ಕೈಯಾಗ ಒಯ್ಯತಿರಲಿಲ್ಲ, ಮೇಜಿನ ಮ್ಯಾಲಿಟ್ಟು ಬರತಿದ್ದ’ ಎಂದರು. ಪಕ್ಕದವರು ಒಪ್ಪಲಿಲ್ಲ: ಆ ಐದು ರೂಪಾಯಿ ನಲವತ್ತರ ಎಂಟನೇ ಒಂದು ಭಾಗ, ಸಣ್ಣದಲ್ಲ, ನೀವಾದರೂ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಿರಿ. ಈ ಜಗಳದಲ್ಲಿ ಎಷ್ಟೋ ಪ್ರಕಟಿತ ಲೇಖನಗಳಲ್ಲಿ ಇಲ್ಲದ ವಿಮರ್ಶೆ ಇದೆ. ಕಥೆ ಬರೆದ ಆರ್.ಕೆ. ನಾರಾಯಣರ ಜಾಣತನ ಇರುವುದೇ ಅಲ್ಲಿ: ಕಥೆಯಲ್ಲಿ ಖಳನಾಯಕನಿಲ್ಲ. ಸಾಹೇಬ ಬೈದಿದ್ದರೆ ವೆಂಕಟರಾಯ ಎದ್ದು ಹೋಗುತ್ತಿದ್ದನೇನೋ. ಕಚೇರಿ ಅವನನ್ನು ಕಟ್ಟಿಹಾಕುವುದು ಉಪಕಾರ ಮಾಡಿ.

‘ದಿ ಮಿಸ್ಸಿಂಗ್ ಮೇಲ್’ ಕಥೆಯ ತಾನಪ್ಪನ ವಿಷಯದಲ್ಲಂತೂ ಚರ್ಚೆ ಇನ್ನೂ ಬಿಸಿ. ಓಣಿಯ ಮನೆಮನೆಯ ಸುಖದುಃಖ ಬಲ್ಲ ಪೋಸ್ಟ್‌ಮನ್ ಅವನು. ರಾಮಾನುಜಂ ಮಗಳ ಮದುವೆ ನಿಂತುಹೋಗಬಾರದೆಂದು ಸೇಲಂನಿಂದ ಬಂದ ಸಾವಿನ ತಂತಿಯನ್ನು ಹಿಡಿದಿಟ್ಟುಕೊಳ್ಳುತ್ತಾನೆ. ಆಮೇಲೆ ತಾನೇ ತಂದು ಒಪ್ಪಿಸಿ, ಬೇಕಿದ್ದರೆ ದೂರು ಕೊಡಿ, ಕೆಲಸದಿಂದ ತೆಗೆಯುತ್ತಾರೆ ಅನ್ನುತ್ತಾನೆ. ಎಲ್ಲರೂ ಇದನ್ನು ಮಾನವೀಯತೆ ಎಂದು ಹೊಗಳುತ್ತಾರೆ. ನನ್ನ ಪರಿಚಯದ ಒಬ್ಬ ಅಂಚೆ ನೌಕರರಿಗೆ ಮಾತ್ರ ಆ ಕಂತು ನೋಡಿದಾಗಲೆಲ್ಲ ಸಿಟ್ಟು. ಟಪಾಲು ತಡೆಹಿಡಿಯುವುದು 1898ರ ಅಂಚೆ ಕಾಯ್ದೆಯಲ್ಲಿ ಅಪರಾಧವಾಗಿತ್ತು, ಸತ್ತವರ ಮುಖ ನೋಡುವ ಹಕ್ಕು ಆ ರಾಮಾನುಜಂಗೆ ಇರಲಿಲ್ಲವೇ ಎನ್ನುತ್ತಾರೆ. ಅವರ ಸಿಟ್ಟು ನ್ಯಾಯದ್ದು. ತಾನಪ್ಪನ ಒಳ್ಳೆಯತನಕ್ಕೆ ಬೆಲೆ ಬಂದದ್ದು ಕೆಲಸ ಹೋಗುವ ಭಯ ಅಲ್ಲಿರುವುದರಿಂದ. ಆ ಭಯ ತೆಗೆದರೆ ಅದು ಬರೀ ಓಣಿಯ ಮುದ್ದು ಕಥೆ.

ಕಚೇರಿಯ ಕಥೆಯನ್ನು ಬೇರೆ ಕಡೆಯವರು ನೋಡುವ ರೀತಿಯೇ ಬೇರೆ. ಅಮೆರಿಕದಲ್ಲಿ 2007ರಿಂದ 2015ರವರೆಗೆ ಬಂದ ‘ಮ್ಯಾಡ್ ಮೆನ್’ 1960ರ ದಶಕದ ಜಾಹೀರಾತು ಕಚೇರಿಯ ಕಥೆ. ಅದರ ಅಭಿಮಾನಿಗಳು ಸಿಗರೇಟು, ಟೈಪ್‌ರೈಟರು, ಕೊನೆಗೆ ಫಲಕದ ಅಕ್ಷರಗಳನ್ನೂ ಬಿಡದೆ ಪರೀಕ್ಷಿಸಿ, ಈ ಅಚ್ಚು ಆಗ ಹುಟ್ಟೇ ಇರಲಿಲ್ಲ ಎಂದು ತಪ್ಪು ಹಿಡಿದರು. ನಮ್ಮವರಿಗೆ ಆ ಚಾಳಿ ಇಲ್ಲ. ಮಾಲ್ಗುಡಿಯ ಕಾಲ ಯಾವುದೆಂದು ಕೇಳಿದರೆ ‘ಆಗಿನ ಕಾಲ’ ಅನ್ನುತ್ತಾರೆ. ಸ್ವಾಮಿಯ ಕಥೆ 1930ರದ್ದು. ಮಿಠಾಯಿ ಮಾರುವ ಜಗನ್‌ನ ಮಗ ಅಮೆರಿಕದಿಂದ ಮರಳುವ ಕಥೆ ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳ ಮೇಲಿನದು. ಎರಡೂ ಒಂದೇ ಬೀದಿಯಲ್ಲಿ ನಡೆಯುತ್ತವೆ, ಯಾರಿಗೂ ಇರುಸುಮುರುಸಾಗುವುದಿಲ್ಲ.

ಆಗಬೇಕಿತ್ತು ಎಂಬುದೇ ನನ್ನ ತಕರಾರು. ಮಾಲ್ಗುಡಿಯ ಕಚೇರಿಗಳಿಗೆ ಸರಕಾರವಿಲ್ಲ. ಸಾಹೇಬ ಇದ್ದಾನೆ, ಅವನ ಮೇಲೆ ಯಾರು ಎಂದು ಗೊತ್ತಾಗುವುದಿಲ್ಲ. ಜಿಲ್ಲೆ ಇಲ್ಲ, ಕಂದಾಯವಿಲ್ಲ, ಅರ್ಜಿ ಹಿಡಿದು ಹೊರಗೆ ನಿಂತ ರೈತನಿಲ್ಲ. ಮೇಜಿನ ಈಚೆಗಿರುವ ಗುಮಾಸ್ತನ ಅಳಲು ಮನಮುಟ್ಟುತ್ತದೆ, ಮೇಜಿನ ಆಚೆಗಿರುವವರ ಮುಖ ಕಾಣುವುದಿಲ್ಲ. ಜಾತಿಯ ಮಾತಂತೂ ದೂರ. ಇಡೀ ದೇಶ ಇದನ್ನು ನಮ್ಮೂರು ಎಂದು ಒಪ್ಪಿಕೊಳ್ಳಲು ಈ ಖಾಲಿತನವೂ ಒಂದು ಕಾರಣ.

ಬಂಕಾಪುರದಲ್ಲಿ ಕೂತು ನೋಡಿದರೆ ಈ ಕೊರತೆ ಎದ್ದು ಕಾಣುತ್ತದೆ. ಬ್ರಿಟಿಷರ ಕಾಲದಲ್ಲಿ ತಾಲ್ಲೂಕಿನ ಹೆಸರು ಬಂಕಾಪುರ, ಕಚೇರಿ ಮಾತ್ರ ಶಿಗ್ಗಾವಿಯಲ್ಲಿ. ಪಕ್ಕದ ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಇಲ್ಲಿ ಮುಂಬೈ ಪ್ರಾಂತದ ಮಾಮಲೇದಾರ, ಕಾರಕೂನ, ಕುಲಕರ್ಣಿ. ಅಲ್ಲಿ ಇನ್ನೊಂದೇ ಆಡಳಿತ. 1956ರಲ್ಲಿ ಎಲ್ಲ ಮೈಸೂರು ರಾಜ್ಯಕ್ಕೆ ಸೇರಿದಾಗ ದೊಡ್ಡ ಸಾಹೇಬರು ಮುಂಬೈ ಬಿಟ್ಟು ಬೆಂಗಳೂರಿನವರಾದರು. 1997ರಲ್ಲಿ ಹಾವೇರಿ ಜಿಲ್ಲೆಯಾಗುವತನಕ ಜಿಲ್ಲಾಧಿಕಾರಿಯನ್ನು ಕಾಣಲು ಧಾರವಾಡಕ್ಕೇ ಹೋಗಬೇಕು. ಒಂದು ಉತಾರಕ್ಕಾಗಿ ಬುತ್ತಿ ಕಟ್ಟಿಕೊಂಡು ಹೋಗಿ, ‘ರಾವಸಾಹೇಬ್ರು ದೌರಾಕ್ಕ ಹೋಗ್ಯಾರ’ ಅನ್ನಿಸಿಕೊಂಡು ಮರಳಿದವರ ಕಥೆ ಇಲ್ಲಿನ ಪ್ರತಿ ಮನೆಯಲ್ಲೂ ಸಿಕ್ಕೀತು. ಕೋಟೆಯೊಳಗಿನ ನಗರೇಶ್ವರ ಗುಡಿಯನ್ನೂ ನವಿಲುಗಳನ್ನೂ ಚಿತ್ರೀಕರಿಸಲು ಬರುವವರು ಬೇಕಷ್ಟಿದ್ದಾರೆ. ಕೆಂಪು ಬಟ್ಟೆಯ ರುಮಾಲಿನಲ್ಲಿ ಕಟ್ಟಿಟ್ಟ ಕಾಗದಗಳ ಕಡೆ ಯಾರೂ ಕ್ಯಾಮೆರಾ ತಿರುಗಿಸಿಲ್ಲ.

ಈಗಿನ ದಿನನಿತ್ಯದ ಧಾರಾವಾಹಿಗೆ ಇಂಥ ಕಚೇರಿಯ ಕಥೆ ಒಗ್ಗುವುದೂ ಕಷ್ಟ. ಅಲ್ಲಿ ಕಚೇರಿ ಎಂದರೆ ಗಾಜಿನ ಕೋಣೆ, ನಾಯಕನೇ ಮಾಲೀಕ, ಕೆಲಸ ಏನೆಂದು ಯಾರೂ ಕೇಳುವುದಿಲ್ಲ. ಟಿ.ಎನ್. ಸೀತಾರಾಮ್ ‘ಮುಕ್ತ’ದಲ್ಲಿ ಕೋರ್ಟಿನ ವಾದವನ್ನೇ ಮನೆಮಂದಿ ಕೂತು ನೋಡುವಂತೆ ಮಾಡಿದ್ದರು, ಜನ ವಕೀಲ ಸಿಎಸ್‌ಪಿಯ ಪಾಟೀಸವಾಲಿಗಾಗಿ ಕಾಯುತ್ತಿದ್ದರು. ಅದಾಗುವುದಾದರೆ ಶಿಗ್ಗಾವಿಯ ಮಾಮಲೇದಾರ ಕಚೇರಿಯೂ ಆದೀತು. ಚಹಾದಂಗಡಿಯವರನ್ನು ಕೇಳಿದರೆ ಪಾತ್ರ ಹಂಚಿಯೇ ಬಿಟ್ಟಾರು. ಕಾರಕೂನನ ಪಾತ್ರಕ್ಕೆ ಮಾತ್ರ ಜಗಳ: ಎಲ್ಲರಿಗೂ ಸಾಹೇಬರ ಪಾರ್ಟೇ ಬೇಕು.