ಸಂಗೀತದ ಒಗಟುಗಳು

ಭಾನುವಾರ ಸಂಜೆ ನಾವು ಐದಾರು ಮಂದಿ ಗೆಳೆಯರು ಒಟ್ಟಾಗುತ್ತೇವೆ. ಒಟ್ಟಾಗುತ್ತೇವೆ ಎಂದರೆ ಚಾಪೆ ಹಾಸಿಕೊಂಡು ಒಂದೇ ಕೋಣೆಯಲ್ಲಿ ಕೂರುತ್ತೇವೆ ಎಂದಲ್ಲ. ಒಬ್ಬರು ಇರುವುದು ಮೈಸೂರಿನಲ್ಲಿ, ಒಬ್ಬರು ಧಾರವಾಡದಲ್ಲಿ, ಇಬ್ಬರು ಬೆಂಗಳೂರಿನ ಎರಡು ತುದಿಗಳಲ್ಲಿ, ಮತ್ತೊಬ್ಬರು ಕಡಲಿನಾಚೆ. ಮೊಬೈಲ್ ಫೋನಿನ ಪರದೆಯೇ ನಮ್ಮ ಜಗಲಿ. ಒಬ್ಬರು ಕರ್ನಾಟಕ ಸಂಗೀತದ ಒಗಟೊಂದನ್ನು ಒಡ್ಡುತ್ತಾರೆ, ಉಳಿದವರು ಬಿಡಿಸಬೇಕು. ಪುಸ್ತಕ ತೆರೆಯಬಾರದು, ಫೋನಿನಲ್ಲಿ ಹುಡುಕಬಾರದು. ಇಷ್ಟೇ ನಿಯಮ. ಇದರಲ್ಲಿ ಎಂಥ ಸುಖವಿದೆ ಎಂಬುದು ಆಡಿದವರಿಗೇ ಗೊತ್ತು.

ಈ ಸುದ್ದಿ ಕೇಳಿ ನನ್ನ ಸಹೋದ್ಯೋಗಿಯೊಬ್ಬರು ಮೂಗು ಮುರಿದರು. ‘ಸಂಗೀತ ಇರುವುದು ಕೇಳುವುದಕ್ಕೋ, ಪರೀಕ್ಷೆ ಬರೆಯುವುದಕ್ಕೋ?’ ಎಂದರು. ಆಗ ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಆಟವೇ ಆದರೂ ವಿಮರ್ಶೆಗೆ ಹೊರತಾದುದಲ್ಲವಷ್ಟೆ.

ನಮ್ಮ ಲಾಕ್ಷಣಿಕರಿಗೂ ಈ ತೊಡಕು ಹೊಸದಲ್ಲ. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಪ್ರಹೇಲಿಕೆಗಳನ್ನು, ಎಂದರೆ ಒಗಟುಗಳನ್ನು, ಹದಿನಾರು ಬಗೆಯಾಗಿ ವಿಂಗಡಿಸಿ, ಗೋಷ್ಠಿಯ ವಿನೋದಕ್ಕೆ ಅವು ಉಪಯುಕ್ತವೆಂದು ಒಪ್ಪಿಕೊಂಡಿದ್ದಾನೆ. ಇನ್ನೊಬ್ಬರನ್ನು ದಿಗ್ಭ್ರಮೆಗೊಳಿಸುವುದಕ್ಕೂ ಅವು ಒದಗುತ್ತವೆಂದು ಸೇರಿಸಲು ಮರೆತಿಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನಾದರೋ ರಸಕ್ಕೆ ಲಕ್ಷ್ಯವಿಲ್ಲದ ಚಮತ್ಕಾರವನ್ನು ‘ಚಿತ್ರ’ವೆಂದು ಕರೆದು ಹೊಸ್ತಿಲಾಚೆ ಕೂರಿಸಿದ. ಇತ್ತ ನಮ್ಮ ಕನಕದಾಸರು ಒಗಟನ್ನೇ ಹಾಡಾಗಿಸಿ ಮುಂಡಿಗೆಗಳನ್ನು ಕೊಟ್ಟರು. ಆದ್ದರಿಂದ ಒಗಟು ಹೀನವೋ ಶ್ರೇಷ್ಠವೋ ಎಂದು ಸಾರಾಸಗಟಾಗಿ ಕೇಳಿ ಪ್ರಯೋಜನವಿಲ್ಲ. ಯಾವ ಒಗಟು, ಅದು ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ಕೇಳಬೇಕು.

ನಮ್ಮ ಗೋಷ್ಠಿಯ ಅನುಭವದಿಂದ ಹೇಳುವುದಾದರೆ ಈ ಒಗಟುಗಳಲ್ಲಿ ಮೂರು ಬಗೆ. ಮೊದಲನೆಯದು ನೆನಪಿನ ಒಗಟು. ಯಾವ ವಿದ್ವಾಂಸರಿಗೆ ಯಾವ ವರ್ಷ ಯಾವ ಬಿರುದು ಬಂತು, ಯಾರು ಯಾರ ಶಿಷ್ಯರು ಎಂಬಂಥವು. ಇವುಗಳಿಗೆ ಉತ್ತರ ಸಿಕ್ಕಿದೊಡನೆ ಮಾತು ಮುಗಿಯುತ್ತದೆ. ಬಿರುದಿನ ವರ್ಷ ತಿಳಿದಾಗ ಆ ವಿದ್ವಾಂಸರ ಹಾಡಿಕೆಯ ಬಗ್ಗೆ ನಮಗೆ ಕೂದಲೆಳೆಯಷ್ಟೂ ಹೆಚ್ಚು ತಿಳಿದಿರುವುದಿಲ್ಲ. ಮೇಲಾಗಿ ಈ ಕೆಲಸವನ್ನು ಫೋನು ನಮಗಿಂತ ಬೇಗ ಮಾಡುತ್ತದೆ. ಯಂತ್ರ ಗೆಲ್ಲಬಲ್ಲ ಆಟವನ್ನು ಮನುಷ್ಯರು ಆಡಿ ಬೀಗುವುದೇಕೆ?

ಎರಡನೆಯದು ಹೆಸರಿನ ಒಗಟು. ಇದರ ಘನತೆ ಬೇರೆ. ಎಪ್ಪತ್ತೆರಡು ಮೇಳಗಳ ಚೌಕಟ್ಟನ್ನು ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ಹಾಕಿಕೊಟ್ಟ. ಇಂದು ಬಳಕೆಯಲ್ಲಿರುವ ಮೇಳಗಳ ಹೆಸರಿನಲ್ಲೇ ಅವುಗಳ ಸಂಖ್ಯೆ ಅಡಗಿದೆ. ಕಟಪಯಾದಿ ಸೂತ್ರದಂತೆ ಮೊದಲೆರಡು ಅಕ್ಷರಗಳನ್ನು ಅಂಕೆಗಳಾಗಿಸಿ ತಿರುಗಿಸಿದರೆ ಸರಿ. ‘ಮಾಯಾಮಾಳವಗೌಳ’ದಲ್ಲಿ ಮ ಎಂದರೆ 5, ಯ ಎಂದರೆ 1, ತಿರುಗಿಸಿದರೆ 15. ‘ಧೀರಶಂಕರಾಭರಣ’ದಲ್ಲಿ ಧ 9, ರ 2, ಅದು 29ನೆಯ ಮೇಳ. ‘ಮೇಚಕಲ್ಯಾಣಿ’ಯಲ್ಲಿ ಮ 5, ಚ 6, ಅದು 65ನೆಯದು. ಇಲ್ಲೊಂದು ತಮಾಷೆಯಿದೆ. ಶಂಕರಾಭರಣ, ಕಲ್ಯಾಣಿ, ತೋಡಿಗಳು ಈ ಲೆಕ್ಕಕ್ಕಿಂತ ಹಳೆಯವು. ಲೆಕ್ಕ ಕೂಡಲೆಂದು ಅವುಗಳ ಮುಂದೆ ‘ಧೀರ’, ‘ಮೇಚ’, ‘ಹನುಮ’ಗಳನ್ನು ಅಂಟಿಸಿದರು. ಮಾತ್ರೆ ಸಾಲದಾಗ ಕವಿಗಳು ಪಾದಪೂರಣಕ್ಕೆಂದು ಒಂದು ಪದವನ್ನು ತುರುಕುವುದಿಲ್ಲವೆ, ಹಾಗೆ!

ಇದು ಬರಿಯ ಲೆಕ್ಕವಾಗಿದ್ದರೆ ಇದನ್ನೂ ಚಿತ್ರದ ಸಾಲಿಗೇ ಸೇರಿಸುತ್ತಿದ್ದೆ. ಆದರೆ 65ರಲ್ಲಿ 36 ಕಳೆಯಿರಿ, 29 ಉಳಿಯುತ್ತದೆ. ಮೊದಲ 36 ಮೇಳಗಳಲ್ಲಿ ಶುದ್ಧ ಮಧ್ಯಮ, ಉಳಿದ 36ರಲ್ಲಿ ಪ್ರತಿಮಧ್ಯಮ. ಎಂದ ಮೇಲೆ ಕಲ್ಯಾಣಿಗೂ ಶಂಕರಾಭರಣಕ್ಕೂ ಮೇಳದ ಮಟ್ಟಿಗೆ ಇರುವ ಭೇದ ಒಂದೇ ಸ್ವರದ್ದು. ಈ ಒಗಟನ್ನು ಬಿಡಿಸಿದ ರಾತ್ರಿ ನಾನು ಎರಡು ರಾಗಗಳನ್ನೂ ಒಂದರ ಹಿಂದೊಂದು ಹಾಕಿಕೊಂಡು ಕೇಳಿದೆ. ಒಂದೇ ಸ್ವರ ಸ್ಥಾನ ಬದಲಿಸಿದರೆ ಮನೆಯ ಬೆಳಕೇ ಬದಲಾದಂತಿತ್ತು. ಇಷ್ಟು ವರ್ಷ ಎರಡನ್ನೂ ಕೇಳಿದ್ದೆ. ಮಧ್ಯಮವನ್ನು ಮಾತ್ರ ಕೇಳಿರಲಿಲ್ಲ. ಸಂಖ್ಯೆಯಿಂದ ಹೊರಟು ಕಿವಿಗೆ ಬಂದು ಮುಟ್ಟಿದ ಒಗಟಿದು.

ಅಂಕಿತದ ಒಗಟುಗಳೂ ಈ ಜಾತಿಯವೇ. ‘ಪುರಂದರವಿಠಲ’, ‘ಕಾಗಿನೆಲೆಯಾದಿಕೇಶವ’ಗಳನ್ನು ನನ್ನಂಥ ಕನ್ನಡದ ಮೇಷ್ಟರು ನಿದ್ದೆಯಲ್ಲೂ ಹೇಳಿಯಾರು. ‘ಗುರುಗುಹ’ ಎಂದರೆ ಮುತ್ತುಸ್ವಾಮಿ ದೀಕ್ಷಿತರು ಎನ್ನುವುದಕ್ಕೆ ಕೊಂಚ ಓದು ಬೇಕು. ‘ಹರಿಕೇಶ’ ಯಾರು ಎಂದು ಕೇಳಿದಾಗ ನಾನು ಸೋತೆ. ತಮಿಳು ನಾಡಿನ ಹರಿಕೇಶನಲ್ಲೂರಿನ ಮುತ್ತಯ್ಯ ಭಾಗವತರು ಅವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು ಚಾಮುಂಡೇಶ್ವರಿಯ ಅಷ್ಟೋತ್ತರದ 108 ನಾಮಗಳ ಮೇಲೆ ಕನ್ನಡದಲ್ಲಿ ಕೃತಿಗಳನ್ನು ಸಂಯೋಜಿಸಿದವರು. ಕನ್ನಡ ಬೋಧಿಸಿ ಸಂಬಳ ಪಡೆಯುವವನಿಗೆ ಇದು ಗೊತ್ತಿರಲಿಲ್ಲ. ಕಾರಣ ಸರಳ: ನಾವು ಕೀರ್ತನೆಗಳನ್ನು ಸಾಹಿತ್ಯಚರಿತ್ರೆಯ ಪುಟದಲ್ಲಿ ಓದುತ್ತೇವೆ, ಹಾಡಿಸಿ ಕೇಳುವುದಿಲ್ಲ. ಹೀಗೆಯೇ ‘ವಾತಾಪಿ ಗಣಪತಿಂ’ ಎಂದು ದೀಕ್ಷಿತರು ಹಂಸಧ್ವನಿಯಲ್ಲಿ ಸ್ತುತಿಸಿದ ಆ ಊರು ನಮ್ಮ ಚಾಲುಕ್ಯರ ಬಾದಾಮಿಯೇ ಎಂಬುದನ್ನು ಗೋಷ್ಠಿಯಲ್ಲಿ ಇಬ್ಬರು ಎಂದೂ ಯೋಚಿಸಿರಲಿಲ್ಲ. ಕಛೇರಿಯ ಆರಂಭದಲ್ಲಿ ನೂರು ಸಲ ಅದನ್ನು ಕೇಳಿದವರೇ!

ಮೂರನೆಯದು ಕಿವಿಯ ಒಗಟು. ಒಂದು ತುಣುಕು ನುಡಿಸುತ್ತಾರೆ. ರಾಗ ಯಾವುದು ಹೇಳಬೇಕು. ಇದೇ ಎಲ್ಲಕ್ಕಿಂತ ಮೇಲಿನದೆಂದು ನಾನು ತಿಳಿದಿದ್ದೆ. ಈ ತಿಳಿವಳಿಕೆಗೆ ಪೆಟ್ಟು ಬಿದ್ದ ಪ್ರಸಂಗವನ್ನು ಹೇಳಿಬಿಡಬೇಕು.

ಒಂದು ಭಾನುವಾರ ಪ್ರಶ್ನೆ ಕೇಳುವ ಸರದಿ ನನ್ನದು. ವೀಣೆಯ ಆಲಾಪನೆಯೊಂದನ್ನು ಅರ್ಧ ನಿಮಿಷ ಕೇಳಿಸಿದೆ. ಮೈಸೂರಿನ ಗೆಳೆಯರ ತಾಯಿ, ಎಂಬತ್ತರ ಹತ್ತಿರದವರು, ಮಗನ ಪಕ್ಕದಲ್ಲಿ ಹೂ ಕಟ್ಟುತ್ತ ಕುಳಿತಿದ್ದರು. ‘ಹೆಸರು ನನಗೆ ತಿಳಿಯದಪ್ಪ. ಜಗದೋದ್ಧಾರನ ಹಾಡುವಾಗ ಬರುತ್ತಲ್ಲ, ಅದೇ ಜಾಡು’ ಎಂದರು. ಅಷ್ಟರಲ್ಲಿ ನಮ್ಮಲ್ಲಿ ಕಿರಿಯನಾದವನು ‘ಕಾಪಿ’ ಎಂದು ಕೂಗಿದ. ಅವನಿಗೆ ಎರಡು ಅಂಕ ಕೊಟ್ಟೆ. ‘ಅಮ್ಮ, ರಾಗದ ಹೆಸರು ಹೇಳಬೇಕು, ಹಾಡಿನದಲ್ಲ’ ಎಂದು ನಗುತ್ತ ಅವರಿಗೆ ಸೊನ್ನೆ ಹಾಕಿದೆ. ಅವರೂ ನಕ್ಕರು, ಸ್ವಲ್ಪ ಹೊತ್ತಿಗೆ ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಮುಂದಿನ ಎರಡು ವಾರ ಬಂದು ಕೂರಲಿಲ್ಲ.

ಆಮೇಲೊಮ್ಮೆ ಆ ಹುಡುಗನೇ ಗುಟ್ಟು ಬಿಟ್ಟುಕೊಟ್ಟ. ಆ ಧ್ವನಿಮುದ್ರಣ ಅವನ ಬಳಿಯೂ ಇತ್ತು. ಆರಂಭದಲ್ಲಿ ಸಭಿಕರಲ್ಲಿ ಯಾರೋ ಕೆಮ್ಮುತ್ತಾರೆ. ಅವನು ಗುರುತು ಹಿಡಿದದ್ದು ಕೆಮ್ಮನ್ನು, ಕಾಪಿಯನ್ನಲ್ಲ!

ನಕ್ಕೆವು. ಆದರೆ ನನಗೆ ನಗು ಬಹಳ ಹೊತ್ತು ಉಳಿಯಲಿಲ್ಲ. ಲಕ್ಷ್ಯ ಮೊದಲು, ಲಕ್ಷಣ ಆಮೇಲೆ ಎಂಬುದು ನಮ್ಮ ಸಂಗೀತದ ಹಳೆಯ ನಂಬಿಕೆ. ಆ ತಾಯಿ ಹಿಡಿದದ್ದು ಲಕ್ಷ್ಯವನ್ನು. ಕಂಡು ಕೇಳದ ಆಲಾಪನೆಯಲ್ಲಿ ತಾವು ಬಾಲ್ಯದಿಂದ ಹಾಡಿಕೊಂಡು ಬಂದ ಪದದ ನಡೆಯನ್ನು ಅವರು ಗುರುತಿಸಿದ್ದರು. ರಾಗಜ್ಞಾನವೆಂದರೆ ಇದಲ್ಲದೆ ಮತ್ತೇನು? ನಾನು ಅಂಕ ಕೊಟ್ಟದ್ದು ಒಂದು ಪದಕ್ಕೆ. ತರಗತಿಯಲ್ಲಿಯೂ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ‘ಅಲಂಕಾರ ಹೆಸರಿಸಿ ಲಕ್ಷಣ ಸಮನ್ವಯಗೊಳಿಸಿ’ ಎಂದು ಪ್ರಶ್ನೆ ಹಾಕುತ್ತೇನೆ. ಉಪಮೆ ಎಂದು ಬರೆದವನಿಗೆ ಅಂಕ. ಪದ್ಯ ಓದಿ ಕಣ್ಣರಳಿಸಿದವನಿಗೆ ಯಾವ ಕಲಮಿನಲ್ಲಿ ಅಂಕ ಕೊಡುವುದು?

ಹಾಗೆಂದು ಹೆಸರುಗಳು ಬೇಡವೆನ್ನುವುದೂ ಸರಿಯಲ್ಲ. ಹೆಸರಿಲ್ಲದೆ ಇಬ್ಬರು ರಸಿಕರು ಮಾತಾಡಿಕೊಳ್ಳುವಂತಿಲ್ಲ. ಮಧ್ಯಮವೆಂಬ ಹೆಸರು ತಿಳಿಯದಿದ್ದರೆ ನಾನು ಆ ರಾತ್ರಿ ಅದನ್ನು ಕೇಳುತ್ತಲೂ ಇರಲಿಲ್ಲ. ನನ್ನ ಸಹೋದ್ಯೋಗಿಗೆ ನಾನೀಗ ಕೊಡುವ ಉತ್ತರ ಇಷ್ಟೇ: ಉತ್ತರ ದೊರೆತ ಮೇಲೆ ಹಾಡನ್ನು ಕೇಳಬೇಕೆನಿಸಿದರೆ ಅದು ಒಳ್ಳೆಯ ಒಗಟು, ಅಂಕ ಎಣಿಸಬೇಕೆನಿಸಿದರೆ ಕೆಟ್ಟ ಒಗಟು. ಎಪ್ಪತ್ತೆರಡು ಮೇಳಗಳಲ್ಲಿ ಕಡೆಯದರ ಹೆಸರು ‘ರಸಿಕಪ್ರಿಯ’. ಲೆಕ್ಕವೆಲ್ಲ ಹೋಗಿ ನಿಲ್ಲಬೇಕಾದದ್ದೂ ಅಲ್ಲಿಯೇ.

ಮೈಸೂರಿನ ಅಮ್ಮನವರಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ‘ಅಯ್ಯೋ, ಅದಕ್ಕೇನಂತೆ ಬಿಡಿ ಮೇಷ್ಟರೇ, ಸೊಂಟ ನೋವಿತ್ತು, ಅದಕ್ಕೇ ಬರಲಿಲ್ಲ’ ಎಂದರು. ಸೊಂಟ ನೋವು ನಿಜವೋ ಅಲ್ಲವೋ ನಾನು ಕೆದಕಲಿಲ್ಲ. ಈಗ ಹೊಸ ನಿಯಮವಿದೆ: ರಾಗವನ್ನು ಹಾಡಿನ ನಂಟಿನಿಂದ ಗುರುತಿಸಿದರೂ ಪೂರ್ಣ ಅಂಕ, ಪ್ರತಿ ಉತ್ತರದ ಬಳಿಕ ಆ ಕೃತಿಯನ್ನು ಪೂರ್ತಿಯಾಗಿ ಕೇಳಬೇಕು. ಹೀಗಾಗಿ ಆಟ ನಿಧಾನವಾಗಿದೆ. ಕಳೆದ ಭಾನುವಾರ ಎರಡು ಗಂಟೆಯಲ್ಲಿ ನಾವು ಬಿಡಿಸಿದ್ದು ಮೂರೇ ಒಗಟು. ಅದರಲ್ಲಿ ಎರಡನ್ನು ಬಿಡಿಸಿದವರು ಅಮ್ಮನವರು.