ತೆರೆಯುವ ಮೊದಲೇ ಮುಚ್ಚುವ ಆಟ

ಕಂಪ್ಯೂಟರ್ ಗೇಮ್ ಶುರುವಾಗುವ ಮುನ್ನವೇ ಕ್ರ್ಯಾಶ್ ಆದರೆ ಏನು ಮಾಡಬೇಕೆಂದು ಯಾರನ್ನು ಕೇಳಿದರೂ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ. ರೀಸ್ಟಾರ್ಟ್ ಮಾಡಿ, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ಕಂಪ್ಯಾಟಿಬಿಲಿಟಿ ಮೋಡ್ ಬದಲಿಸಿ, ಆಂಟಿವೈರಸ್ ಆಫ್ ಮಾಡಿ, ಗೇಮ್ ಫೈಲುಗಳನ್ನು ವೆರಿಫೈ ಮಾಡಿ, ಯಾವುದೂ ಆಗದಿದ್ದರೆ ಪೂರ್ತಿ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ. ಕಂಪನಿಗಳ ಸಹಾಯ ವಿಭಾಗ ಕಳಿಸುವುದು ಇದನ್ನೇ, ಯೂಟ್ಯೂಬ್ ವಿಡಿಯೊ ತೋರಿಸುವುದು ಇದನ್ನೇ, ಗೆಳೆಯ ಫೋನಿನಲ್ಲಿ ಹೇಳುವುದೂ ಇದನ್ನೇ. ಇಷ್ಟು ಜನ ಇಷ್ಟು ಕಾಲದಿಂದ ನಂಬಿರುವ ಈ ಪಟ್ಟಿಯನ್ನು ಒಂದು ಕೃತಿಯಂತೆಯೇ ಓದಿ ಅಳೆಯಬೇಕು. ನನ್ನ ತಕರಾರು ಇಷ್ಟೆ: ಆಟ ಎಲ್ಲಿ ಬಿತ್ತು ಎಂದು ಈ ಪಟ್ಟಿ ಒಮ್ಮೆಯೂ ಕೇಳುವುದಿಲ್ಲ. ನಾಡಿ ಹಿಡಿಯದೆ ಮದ್ದು ಕೊಡುವ ರೂಢಿ ಇದು. ವಾಸಿಯಾದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ವಾಸಿಯಾಗದಿದ್ದರೆ ತಪ್ಪು ತನ್ನದೇ, ತನ್ನ ಯಂತ್ರದ್ದೇ ಎಂದು ಆಡುವವನು ಒಪ್ಪಿಕೊಂಡುಬಿಡುತ್ತಾನೆ.

ಪಟ್ಟಿಯಲ್ಲಿ ಒಳ್ಳೆಯದೂ ಇದೆ. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನ ಫೈಲ್ ವೆರಿಫೈ ವ್ಯವಸ್ಥೆ ಆಟದ ಪ್ರತಿ ಫೈಲನ್ನೂ ಮೂಲದೊಂದಿಗೆ ತಾಳೆ ನೋಡಿ, ಕೆಟ್ಟದ್ದನ್ನಷ್ಟೇ ಮತ್ತೆ ಇಳಿಸಿಕೊಳ್ಳುತ್ತದೆ. ಡೌನ್‌ಲೋಡ್ ನಡುವೆ ಕರೆಂಟ್ ಹೋಗಿ ಫೈಲ್ ಅರ್ಧಂಬರ್ಧ ಉಳಿದಿದ್ದರೆ ಇದಕ್ಕಿಂತ ಒಳ್ಳೆಯ ಪರಿಹಾರವಿಲ್ಲ. ಆದರೆ ವೆರಿಫೈ ಎಲ್ಲ ಸರಿಯಿದೆ ಎಂದ ಮೇಲೂ 100 ಜಿಬಿ ದಾಟಿದ ಆಟವನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ ಎನ್ನುವುದರಲ್ಲಿ ಅರ್ಥ ಕಡಿಮೆ. ಎಷ್ಟೋ ಆಟಗಳು ತಮ್ಮ ಸೆಟ್ಟಿಂಗ್ಸ್ ಫೈಲನ್ನು ಇಡುವುದು ಆಟದ ಫೋಲ್ಡರಿನಲ್ಲಲ್ಲ; ಡಾಕ್ಯುಮೆಂಟ್ಸ್ ಒಳಗೆ ಅಥವಾ ಆ್ಯಪ್‌ಡೇಟಾ ಎಂಬ ಮರೆಯಲ್ಲಿರುವ ಫೋಲ್ಡರಿನಲ್ಲಿ. ಅನ್‌ಇನ್‌ಸ್ಟಾಲ್ ಮಾಡಿದಾಗ ಅದು ಸಾಮಾನ್ಯವಾಗಿ ಅಳಿಯುವುದಿಲ್ಲ. ಹಳೆಯ ಮಾನಿಟರಿಗೆ ಹೊಂದಿಸಿದ ರೆಸಲ್ಯೂಷನ್ ಅದರಲ್ಲಿ ಕುಳಿತಿದ್ದು ಆಟ ಬೀಳುತ್ತಿದ್ದರೆ, ಹೊಸದಾಗಿ ಇಳಿಸಿದ ಆಟವೂ ಅದೇ ಫೈಲನ್ನು ಓದಿ ಹಾಗೆಯೇ ಬೀಳುತ್ತದೆ. ಆ ಒಂದು ಫೈಲಿನ ಹೆಸರು ಬದಲಿಸಿ ನೋಡಲು ನಿಮಿಷ ಸಾಕು. ಇಡೀ ದಿನದ ಡೇಟಾ ಬೇಡುವ ಸಲಹೆ ಪಟ್ಟಿಯಲ್ಲಿದೆ, ಒಂದು ನಿಮಿಷ ಬೇಡುವ ಸಲಹೆ ಎಷ್ಟೋ ಸಲ ಇರುವುದಿಲ್ಲ.

ಆಂಟಿವೈರಸ್ ಆಫ್ ಮಾಡಿ ಎಂಬ ಮಾತನ್ನಂತೂ ನಾನು ಒಪ್ಪಲಾರೆ. ಅದರ ಹಿಂದೆ ನಿಜವಾದ ಕಾರಣವೊಂದಿದೆ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಅಪರಿಚಿತ ಪ್ರೋಗ್ರಾಂಗಳು ಬರೆಯದಂತೆ ತಡೆಯುವ ರಕ್ಷಣೆಯೊಂದು 2017ರಿಂದ ವಿಂಡೋಸ್ 10ರಲ್ಲಿದೆ. ಅದನ್ನು ಆನ್ ಮಾಡಿಕೊಂಡವರ ಯಂತ್ರದಲ್ಲಿ, ಸೆಟ್ಟಿಂಗ್ಸ್ ಬರೆಯಲಾಗದೆ ಕೆಲವು ಆಟಗಳು ಶುರುವಿನಲ್ಲೇ ಸಾಯುತ್ತವೆ. ಅದಕ್ಕೆ ಆ ಒಂದು ಆಟಕ್ಕೆ ಅನುಮತಿ ಕೊಟ್ಟರಾಯಿತು. ಇಡೀ ಕಾವಲನ್ನು ತೆಗೆಯಬೇಕಿಲ್ಲ.

ಆಟ ಶುರುವಾಗುವುದು ಒಂದೇ ಏಟಿಗೆ ನಡೆಯುವ ಕೆಲಸವಲ್ಲ. ಮೊದಲು ವಿಂಡೋಸ್ ಆಟದ ಮುಖ್ಯ ಫೈಲನ್ನು ತೆರೆದು, ಅದಕ್ಕೆ ಯಾವ ಯಾವ ಡಿಎಲ್‌ಎಲ್ ಫೈಲುಗಳು, ಅಂದರೆ ಹಂಚಿಕೊಂಡು ಬಳಸುವ ಕೋಡಿನ ಕಡತಗಳು, ಬೇಕೆಂದು ನೋಡಿ, ಒಂದೊಂದಾಗಿ ಜೋಡಿಸುತ್ತದೆ. ಆಮೇಲೆ ಆಟದ ಸ್ವಂತ ಕೋಡ್ ಎಚ್ಚರಗೊಳ್ಳುತ್ತದೆ. ಸೆಟ್ಟಿಂಗ್ಸ್ ಓದುವುದು, ಗ್ರಾಫಿಕ್ಸ್ ಕಾರ್ಡನ್ನು ಮಾತಾಡಿಸುವುದು, ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂಗಳಾದ ಶೇಡರ್‌ಗಳನ್ನು ಸಿದ್ಧಪಡಿಸುವುದು, ಕಂಪನಿಯ ಲೋಗೊ ವಿಡಿಯೊ ತೋರಿಸುವುದು ಎಲ್ಲ ಅದರ ನಂತರ. ಯಾವ ಮೆಟ್ಟಿಲಲ್ಲಿ ಬಿದ್ದಿತು ಎಂಬುದಕ್ಕೆ ಕಣ್ಣಿಗೆ ಕಾಣುವ ಗುರುತುಗಳಿವೆ. ಕಿಟಕಿಯೇ ತೆರೆಯದೆ ವಿಂಡೋಸ್‌ನ ಸಂದೇಶ ಬಂದರೆ ಅದು ಮೊದಲ ಮೆಟ್ಟಿಲು. ಕಪ್ಪು ಕಿಟಕಿ ಮೂಡಿ ಮಾಯವಾದರೆ ಗ್ರಾಫಿಕ್ಸ್ ಕಡೆ ನೋಡಬೇಕು. ಲೋಗೊ ವಿಡಿಯೊ ಬರಬೇಕಾದ ಹೊತ್ತಿಗೆ ಸತ್ತರೆ ವಿಡಿಯೊ ಬಿಚ್ಚುವ ಕೊಡೆಕ್‌ಗಳ ಮೇಲೆ ಅನುಮಾನ. ಇಷ್ಟು ಗಮನಿಸಿದರೆ ಪಟ್ಟಿಯ ಅರ್ಧ ಭಾಗ ತಾನಾಗಿ ಬಿದ್ದುಹೋಗುತ್ತದೆ. ಆಟ ಏನೂ ಹೇಳದೆ ಹೋದರೂ ವಿಂಡೋಸ್ ಬರೆದಿಟ್ಟಿರುತ್ತದೆ. ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಷನ್ ಲಾಗ್ ನೋಡಿದರೆ, ಬಿದ್ದ ಸಮಯ, ಯಾವ ಮಾಡ್ಯೂಲಿನಲ್ಲಿ ಬಿತ್ತು, ಯಾವ ಎರರ್ ಕೋಡ್ ಎಲ್ಲ ಅಲ್ಲಿವೆ. ಅಲ್ಲಿ ಕಂಡ ಹೆಸರೇ ಅಪರಾಧಿ ಎಂದು ಹಾರಿಬೀಳಬಾರದು ಎಂಬುದೂ ನಿಜ. ಎನ್‌ಟಿಡಿಎಲ್‌ಎಲ್ ಎಂಬ ವಿಂಡೋಸ್‌ನದೇ ಫೈಲಿನ ಹೆಸರು ಅಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಹೆಚ್ಚಿನ ಸಲ ಅದು ಹೆಣ ಸಿಕ್ಕ ಜಾಗ ಅಷ್ಟೆ, ಕೊಲೆ ನಡೆದದ್ದು ಬೇರೆಡೆ. ಹಾಗಿದ್ದರೂ ಆ ಒಂದು ಸಾಲು ಹತ್ತು ಊಹೆಗಳಿಗಿಂತ ಮೇಲು.

ಓದದೆ ಮದ್ದು ಹುಡುಕುವುದು ಹೊಸ ರೋಗ ತರುವುದೂ ಉಂಟು. ಡೈರೆಕ್ಟ್‌ಎಕ್ಸ್ 9ರ ಕಾಲದ ಆಟಗಳು ಎಷ್ಟೋ ಸಲ ಒಂದು ಡಿಎಲ್‌ಎಲ್ ಇಲ್ಲವೆಂದು ದೂರುತ್ತವೆ. ಮೈಕ್ರೋಸಾಫ್ಟ್ 2010ರ ಜೂನ್‌ನಲ್ಲಿ ಹೊರತಂದ ಡೈರೆಕ್ಟ್‌ಎಕ್ಸ್ ಪ್ಯಾಕೇಜಿನಲ್ಲಿ ಅಂಥವೆಲ್ಲ ಒಟ್ಟಿಗೆ ಸಿಗುತ್ತವೆ. ಆದರೆ ಜನ ಆ ಡಿಎಲ್‌ಎಲ್‌ನ ಹೆಸರನ್ನು ಹುಡುಕಿ, ಎಲ್ಲಿಂದಲೋ ಬಿಡಿ ಫೈಲ್ ತಂದು ಸಿಸ್ಟಂ32 ಫೋಲ್ಡರಿಗೆ ಹಾಕುತ್ತಾರೆ. 64 ಬಿಟ್ ವಿಂಡೋಸಿನಲ್ಲಿ ಸಿಸ್ಟಂ32 ಎಂಬುದು, ಹೆಸರು ಹಾಗಿದ್ದರೂ, 64 ಬಿಟ್ ಫೈಲುಗಳ ಜಾಗ. ತಂದದ್ದು 32 ಬಿಟ್ ಆಗಿದ್ದರೆ ಆವರೆಗೆ ಚೆನ್ನಾಗಿದ್ದ ಬೇರೆ ಆಟವೂ 7ಬಿ ಎಂದು ಕೊನೆಗೊಳ್ಳುವ ಎರರ್ ಕೋಡ್ ತೋರಿಸಿ ನಿಂತುಬಿಡುತ್ತದೆ. ತಂದ ಫೈಲಿನಲ್ಲಿ ಏನು ತುಂಬಿತ್ತೋ ಎಂಬ ಭಯ ಬೇರೆ.

ಬೆಥೆಸ್ಡಾ ಕಂಪನಿಯ ಫಾಲೌಟ್ 3 ಈ ವಿಷಯದಲ್ಲಿ ದೊಡ್ಡ ಪಾಠ. 2008ರ ಅಕ್ಟೋಬರಿನಲ್ಲಿ ಬಂದ ಈ ಆಟದ ಪಿಸಿ ಆವೃತ್ತಿ ಮೈಕ್ರೋಸಾಫ್ಟ್‌ನ ‘ಗೇಮ್ಸ್ ಫಾರ್ ವಿಂಡೋಸ್ ಲೈವ್’ ಸೇವೆಯನ್ನು ನೆಚ್ಚಿಕೊಂಡಿತ್ತು. 2013ರ ಆಗಸ್ಟ್‌ನಲ್ಲಿ ಆ ಸೇವೆಯ ಅಂಗಡಿ ಮುಚ್ಚಿತು. ಹೊಸ ವಿಂಡೋಸ್‌ಗಳಲ್ಲಿ ಅದರ ಫೈಲುಗಳು ಇರುತ್ತಿರಲಿಲ್ಲ. ಆಟ ಮಾತ್ರ ಮಾರಾಟದಲ್ಲಿತ್ತು. ವಿಂಡೋಸ್ 7 ಮತ್ತು ಆಮೇಲಿನದಕ್ಕೆ ಇದು ಸರಿಯಾಗಿ ಹೊಂದಿಲ್ಲ ಎಂಬ ಒಂದು ಸಾಲನ್ನು ಸ್ಟೀಮ್ ಪುಟದಲ್ಲಿ ಬರೆದು, ಹಣ ಮಾತ್ರ ಪಡೆಯಲಾಗುತ್ತಿತ್ತು. ಕೊಂಡವರಿಗೆ ಕಂಡದ್ದು ‘ಆರ್ಡಿನಲ್ 43’ ಸಿಗಲಿಲ್ಲ ಎಂಬ, ಯಾರಿಗೂ ಅರ್ಥವಾಗದ ಸಂದೇಶ. ಆ ಆಟಕ್ಕೆ ಇನ್ನೊಂದು ಕಾಯಿಲೆಯೂ ಇತ್ತು. ಹೆಚ್ಚು ಕೋರ್‌ಗಳಿರುವ ಪ್ರೊಸೆಸರಿನಲ್ಲಿ ಆಡುತ್ತಿರುವಾಗ ಅದು ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಅದಕ್ಕೆ ಫಾಲೌಟ್.ಐಎನ್‌ಐ ಫೈಲಿನಲ್ಲಿ ಎರಡು ಸಾಲು ತಿದ್ದಿ, ಎರಡೇ ಕೋರ್ ಬಳಸುವಂತೆ ಮಾಡಬೇಕಿತ್ತು. ಈ ಎರಡು ಸಾಲು ಎಷ್ಟು ಹಬ್ಬಿತೆಂದರೆ, ಫಾಲೌಟ್ 3 ಓಡುತ್ತಿಲ್ಲ ಎಂದವರಿಗೆಲ್ಲ ಅದೇ ಉತ್ತರ. ಆದರೆ ಆರ್ಡಿನಲ್ 43 ಕಾಣಿಸುವುದು ಡಿಎಲ್‌ಎಲ್ ಜೋಡಿಸುವ ಮೊದಲ ಮೆಟ್ಟಿಲಲ್ಲಿ. ಐಎನ್‌ಐ ಫೈಲನ್ನು ಓದಬೇಕಾದ ಕೋಡ್ ಆಗಿನ್ನೂ ಎಚ್ಚರವೇ ಆಗಿಲ್ಲ. ಓದದ ಫೈಲನ್ನು ಎಷ್ಟು ತಿದ್ದಿದರೂ ಏನು ಬಂತು? ಮೆಟ್ಟಿಲು ಗೊತ್ತಿದ್ದವರಿಗೆ ಇದು ಕ್ಷಣದಲ್ಲಿ ಹೊಳೆಯುತ್ತದೆ, ಪಟ್ಟಿ ಹಿಡಿದವರಿಗೆ ಹೊಳೆಯುವುದಿಲ್ಲ.

ಬೆಥೆಸ್ಡಾ ಆ ಸೇವೆಯ ಮೇಲಿನ ಅವಲಂಬನೆಯನ್ನು ತೆಗೆದುಹಾಕಿದ್ದು 2021ರ ಅಕ್ಟೋಬರಿನಲ್ಲಿ, ಆಟ ಬಂದು 13 ವರ್ಷಗಳ ಮೇಲೆ. ಅದುವರೆಗೆ ಕೊಂಡ ವಸ್ತುವನ್ನು ಓಡುವಂತೆ ಮಾಡಿದ್ದು ಆಡುವವರ ಪುಕ್ಕಟೆ ದುಡಿಮೆ. ಅಪ್‌ಡೇಟ್ ಬಂದಾಗ ಮುಖ್ಯ ಫೈಲ್ ಬದಲಾಗಿ, ಆಡುವವರೇ ಕಟ್ಟಿದ್ದ, ಮಾಡ್‌ಗಳಿಗೆ ನೆರವಾಗುವ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ನಿಂತುಹೋಯಿತು. ಮತ್ತೆ ಅವರೇ ಹಳೆಯ ಫೈಲಿಗೆ ಮರಳುವ ದಾರಿ ಮಾಡಿಕೊಂಡರು. ಇಂಥ ಆಟಕ್ಕೆ ‘ನಿಮ್ಮ ಡ್ರೈವರ್ ಅಪ್‌ಡೇಟ್ ಮಾಡಿ’ ಎಂದು ಉತ್ತರಿಸುವುದು ಹೊಣೆಯನ್ನು ಮಾರಿದವನ ಹೆಗಲಿಂದ ಕೊಂಡವನ ಹೆಗಲಿಗೆ ದಾಟಿಸುವ ಕೆಲಸ. ಇದು ನನಗೆ ಸಿಟ್ಟು ತರಿಸುತ್ತದೆ.

ಆಟವೂ ಸರಿ, ಡ್ರೈವರೂ ಸರಿ, ಎರರ್ ಸಂದೇಶವೇ ದಾರಿ ತಪ್ಪಿಸುವ ಸಂದರ್ಭ ಇನ್ನೂ ಕಠಿಣ. 2024ರ ಆರಂಭದ ತಿಂಗಳುಗಳಲ್ಲಿ ಟೆಕ್ಕನ್ 8ರಂಥ ಅನ್‌ರಿಯಲ್ ಎಂಜಿನ್ ಆಟಗಳನ್ನು ತೆರೆದ ಎಷ್ಟೋ ಜನರಿಗೆ, ಶೇಡರ್ ಸಿದ್ಧವಾಗುವ ಹೊತ್ತಿಗೆ, ವಿಡಿಯೊ ಮೆಮೊರಿ ಸಾಲದು ಎಂಬ ಸಂದೇಶ ಬಂದು ಆಟ ಮುಚ್ಚಿಕೊಳ್ಳುತ್ತಿತ್ತು. 24 ಜಿಬಿ ಮೆಮೊರಿಯ ಕಾರ್ಡ್ ಇಟ್ಟುಕೊಂಡವರಿಗೂ ಅದೇ ಸಂದೇಶ. ಸಂದೇಶ ಕಾರ್ಡನ್ನು ದೂರಿದ್ದರಿಂದ ಸಲಹೆಗಳೂ ಕಾರ್ಡಿನ ಸುತ್ತಲೇ ಸುತ್ತಿದವು: ಗ್ರಾಫಿಕ್ಸ್ ಮಟ್ಟ ಇಳಿಸಿ, ಹಳೆಯ ಡ್ರೈವರ್ ಹಾಕಿ, ಪೇಜ್‌ಫೈಲ್ ಹಿಗ್ಗಿಸಿ.

ದೋಷ ಇದ್ದದ್ದು ಪ್ರೊಸೆಸರಿನಲ್ಲಿ. ಕುಗ್ಗಿಸಿದ ಡೇಟಾವನ್ನು ಬಿಚ್ಚುವ ಊಡಲ್ ಎಂಬ ಲೈಬ್ರರಿಯನ್ನು ಬರೆದ ರ್‍ಯಾಡ್ ಗೇಮ್ ಟೂಲ್ಸ್‌ನವರು ವಿಷಯವನ್ನು ನೇರವಾಗಿ ಹೇಳಿದರು. ಡೇಟಾ ಬಿಚ್ಚುವಾಗ ಬರುತ್ತಿರುವ ತಪ್ಪಿಗೆ ಕಾರಣ ತಮ್ಮ ಕೋಡ್ ಅಲ್ಲ, ಆಟದ ಫೈಲೂ ಅಲ್ಲ; ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಪ್ರೊಸೆಸರ್‌ಗಳು ಲೆಕ್ಕ ತಪ್ಪುತ್ತಿವೆ. ಶುರುವಿನಲ್ಲೇ ಏಕೆ ಎಂಬುದಕ್ಕೂ ಉತ್ತರವಿತ್ತು. ಶೇಡರ್ ಬಿಚ್ಚಿ ಸಿದ್ಧಪಡಿಸುವ ಕೆಲಸ ಎಲ್ಲ ಕೋರ್‌ಗಳನ್ನೂ ಒಮ್ಮೆಗೇ ದುಡಿಸುತ್ತದೆ. ದುರ್ಬಲವಾದ ಚಿಪ್ ಎಡವುವುದು ಅಲ್ಲಿಯೇ. ಪ್ರೊಸೆಸರಿನ ವೇಗವನ್ನು ಒಂದೆರಡು ಹೆಜ್ಜೆ ತಗ್ಗಿಸಿ ಆಟ ಓಡಿತೆಂದರೆ ರೋಗ ಯಾವುದೆಂದು ಖಚಿತವಾಗುತ್ತಿತ್ತು. ಇದು ನಾನು ಮೆಚ್ಚುವ ಬಗೆಯ ಪರೀಕ್ಷೆ. ಬದಲಿಸುವುದು ಒಂದನ್ನೇ; ಅದೂ ಉತ್ತರ ಹೀಗೆ ಬಂದರೆ ಅರ್ಥ ಹೀಗೆ ಎಂದು ಮುಂಚೆಯೇ ನಿರ್ಧರಿಸಿಕೊಂಡು. 2024ರ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು: ಚಿಪ್‌ನ ಒಳಗಿನ ಮೈಕ್ರೋಕೋಡ್ ಎಂಬ ಸೂಚನೆಗಳ ದೋಷದಿಂದ ಅದು ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. ಆಗಸ್ಟ್‌ನಲ್ಲಿ ತಿದ್ದಿದ ಮೈಕ್ರೋಕೋಡ್ ಬಯೋಸ್ ಅಪ್‌ಡೇಟ್ ಮೂಲಕ ಬಂತು, ವಾರಂಟಿ ಎರಡು ವರ್ಷ ಹಿಗ್ಗಿತು. ಆಗಲೇ ಹಾಳಾಗಿದ್ದ ಚಿಪ್ ಮಾತ್ರ ಅದರಿಂದ ರಿಪೇರಿಯಾಗುವುದಿಲ್ಲ, ಬದಲಿಸಿಕೊಳ್ಳಬೇಕು. ರೀಇನ್‌ಸ್ಟಾಲ್ ಮಾಡಿ ಎಂಬ ಸಲಹೆ ಇಲ್ಲಿ ವ್ಯರ್ಥ ಮಾತ್ರವಲ್ಲ, ಅನ್ಯಾಯ ಕೂಡ. ತಿಂಗಳುಗಟ್ಟಲೆ ಪಟ್ಟಿ ಪಾಲಿಸುತ್ತ ಕುಳಿತವರ ಚಿಪ್ ಅಷ್ಟೂ ಕಾಲ ಸವೆಯುತ್ತಲೇ ಇತ್ತು.

ಹಾಗಾದರೆ ಚೆನ್ನಾಗಿ ಬೀಳುವ ಆಟ ಹೇಗಿರುತ್ತದೆ? ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಕ್ರ್ಯಾಶ್ ಆದರೆ ‘ಕ್ರ್ಯಾಶ್ ರಿಪೋರ್ಟ್ಸ್’ ಎಂಬ ಫೋಲ್ಡರಿನಲ್ಲಿ ಸಾದಾ ಪಠ್ಯದ ವರದಿ ಬರೆದಿಡುತ್ತದೆ. ಯಾವಾಗ, ಏನು ಮಾಡುತ್ತಿದ್ದಾಗ, ಕೋಡಿನ ಯಾವ ಹಾದಿಯಲ್ಲಿ, ಯಾವ ಜಾವಾ, ಎಷ್ಟು ಮೆಮೊರಿ ಎಲ್ಲ ಅದರಲ್ಲಿ. ಮಾಡ್ (ಆಡುವವರೇ ಬರೆದ ಸೇರ್ಪಡೆ) ಹಾಕಿಕೊಂಡ ಹೈಸ್ಕೂಲ್ ಹುಡುಗಿಯೊಬ್ಬಳು ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ನಡುವೆ ಆ ಮಾಡ್‌ನ ಹೆಸರು ಕಂಡು, ಅದನ್ನೊಂದನ್ನೇ ತೆಗೆದು ಆಟ ನಡೆಸಬಲ್ಲಳು. ಇನ್ನು 2012ರಲ್ಲಿ ಶುರುವಾದ ಪಿಸಿಗೇಮಿಂಗ್‌ವಿಕಿ ಒಂದೊಂದು ಆಟಕ್ಕೂ ಸೆಟ್ಟಿಂಗ್ಸ್ ಎಲ್ಲಿದೆ, ಯಾವ ಸಂದೇಶಕ್ಕೆ ಯಾವ ಕಾರಣ ಎಂದು ಬೇರೆ ಬೇರೆಯಾಗಿ ದಾಖಲಿಸುತ್ತದೆ. ಎಲ್ಲರಿಗೂ ಒಂದೇ ಪಟ್ಟಿ ಹಂಚುವ ರೂಢಿಗೆ ಅದು ನೇರವಾದ ಉತ್ತರ.

ಕನ್ನಡಿಗರ ಅನುಭವಕ್ಕೆ ಬರಬಹುದಾದ ಒಂದು ಕಾರಣ ಯಾವ ಪಟ್ಟಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಲೋಕಲ್ ಅಕೌಂಟ್ ತೆರೆಯುವಾಗ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ಬಳಕೆದಾರರ ಫೋಲ್ಡರಿಗೂ ಕನ್ನಡದ ಹೆಸರೇ ಬರುತ್ತದೆ. ಎಷ್ಟೋ ಹಳೆಯ ಆಟಗಳು ಫೈಲಿನ ಹಾದಿಯನ್ನು ಯುನಿಕೋಡಿನಲ್ಲಲ್ಲ, ವಿಂಡೋಸ್‌ನ ಹಳೆಯ ಕೋಡ್‌ಪೇಜ್ ಎಂಬ ಅಕ್ಷರಪಟ್ಟಿಯ ಮೂಲಕ ಓದುತ್ತವೆ. ರಷ್ಯನ್, ಜಪಾನಿ ಭಾಷೆಗಳಿಗೆ ಅಂಥ ಕೋಡ್‌ಪೇಜ್ ಇದೆ. ಕನ್ನಡಕ್ಕೆ ವಿಂಡೋಸ್ ಅದನ್ನು ಕೊಡಲೇ ಇಲ್ಲ, ಕೊಟ್ಟದ್ದು ಯುನಿಕೋಡ್ ಮಾತ್ರ. ಹಾಗಾಗಿ ಆ ಆಟಕ್ಕೆ ನಮ್ಮ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತವೆ. ಪ್ರಶ್ನಾರ್ಥಕ ಚಿಹ್ನೆಯಿರುವ ಫೋಲ್ಡರನ್ನು ವಿಂಡೋಸ್ ಒಪ್ಪುವುದಿಲ್ಲ. ಸೆಟ್ಟಿಂಗ್ಸ್ ಬರೆಯಲಾಗದೆ ಆಟ ಮುಚ್ಚಿಕೊಳ್ಳಬಹುದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹೆಸರು ಬದಲಿಸಿದರೆ ಪರದೆಯ ಮೇಲಿನ ಹೆಸರು ಬದಲಾಗುತ್ತದೆ, ಫೋಲ್ಡರಿನದ್ದಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಂದು ಅಕೌಂಟ್ ತೆರೆದು ಅದರಲ್ಲಿ ಆಟ ನಡೆಸಿ ನೋಡಿದರೆ ಅನುಮಾನ ಬಗೆಹರಿಯುತ್ತದೆ. ಹಳೆಯ ಆಟಗಳನ್ನು ಇಂದಿಗೂ ಮಾರುತ್ತಿರುವವರು ಭಾರತದ ಖರೀದಿದಾರರಿಗಾಗಿ ಈ ಒಂದು ಸಂಗತಿಯನ್ನು ತಮ್ಮ ಸಹಾಯ ಪುಟದಲ್ಲಿ ಬರೆಯಬೇಕು, ಆಗುವುದಾದರೆ ಆಟದಲ್ಲೇ ತಿದ್ದಬೇಕು.