ಹತ್ತುವ ಗೋಡೆ, ಬೀಳುವ ನೆಲ

ಜೇವರ್ಗಿ, ಅಫಜಲಪುರ ಕಡೆಯ ಎಷ್ಟೋ ಹಳೆಯ ಮನೆಗಳಲ್ಲಿ ಮಾಳಿಗೆಗೆ ಹತ್ತಲು ಬೇರೆ ಮೆಟ್ಟಿಲು ಕಟ್ಟುತ್ತಿರಲಿಲ್ಲ. ಗೋಡೆ ಏರಿಸುವಾಗಲೇ ಗೌಂಡಿ ಉದ್ದನೆಯ ಕಲ್ಲುಗಳನ್ನು ಅಡ್ಡ ಇಟ್ಟು, ಅರ್ಧ ಗೋಡೆಯೊಳಗೆ ಹುದುಗಿಸಿ, ಇನ್ನರ್ಧವನ್ನು ಹೊರಗೆ ಚಾಚಿ ಬಿಡುತ್ತಿದ್ದ. ಬಾವಿಯ ಒಳಗೋಡೆಗೂ ಇಂಥವೇ ಕಲ್ಲುಗಳು. ಹಿಡಿದುಕೊಳ್ಳಲು ಸರಳಿಲ್ಲ, ಬದಿಗೆ ಆಸರೆಯಿಲ್ಲ. ತೊಗರಿ ಒಣಹಾಕಲು, ಬೇಸಿಗೆಯ ರಾತ್ರಿ ಹಾಸಿಗೆ ಹಾಸಲು ಮನೆಮಂದಿಯೆಲ್ಲ ಅವನ್ನೇ ಹತ್ತಿ ಇಳಿದರು. ಮಕ್ಕಳಿಗಾಗಿ ಮನೆಯಲ್ಲಿ ಹತ್ತುವ ಗೋಡೆ ಕಟ್ಟಿಸುವುದು ಬೆಂಗಳೂರಿನ ಶೋಕಿ ಎನ್ನುವವರಿಗೆ ನಾನು ಮೊದಲು ಆ ಕಲ್ಲುಗಳನ್ನು ತೋರಿಸುತ್ತೇನೆ.

1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದ ಡಾನ್ ರಾಬಿನ್ಸನ್ ಮಾಡಿದ್ದೂ ಇದನ್ನೇ. ಓಡಾಡುವ ದಾರಿಯ ಇಟ್ಟಿಗೆ ಗೋಡೆಗೆ ಬಂಡೆಯ ತುಂಡುಗಳನ್ನು ಕೂರಿಸಿದ. ಮಳೆ ಚಳಿಯಲ್ಲೂ ಹುಡುಗರು ಬಂಡೆ ಏರುವ ಅಭ್ಯಾಸ ಮಾಡಲಿ ಎಂಬುದು ಅವನ ಉದ್ದೇಶ. ಇಂದಿನ ಕ್ಲೈಂಬಿಂಗ್ ಗೋಡೆಗಳ ಚರಿತ್ರೆ ಹೇಳುವವರು ಆ ಗೋಡೆಯಿಂದಲೇ ಶುರುಮಾಡುತ್ತಾರೆ.

ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಬಳಗದಲ್ಲೇ ಇಂಥ ಮೂರು ಗೋಡೆ ಎದ್ದವು. ಅಫಜಲಪುರ ತಾಲೂಕಿನಲ್ಲಿ ಅಕ್ಕನ ಮನೆಯಲ್ಲೊಂದು, ಆಳಂದದಲ್ಲಿ ಚಿಕ್ಕಪ್ಪನ ಮಗನ ಮನೆಯಲ್ಲೊಂದು, ಜೇವರ್ಗಿಯಲ್ಲಿ ನಮ್ಮದೊಂದು. ಮೂರನ್ನೂ ಮುಟ್ಟಿ, ಹತ್ತಿ, ಮಕ್ಕಳು ಹತ್ತುವುದನ್ನು ದಿನಗಟ್ಟಲೆ ನೋಡಿ ಈ ಮಾತು ಬರೆಯುತ್ತಿದ್ದೇನೆ.

ನೋಡಲು ಚೆಂದ ಅಂದರೆ ಅಕ್ಕನ ಮನೆಯದೇ. ಭಾವ ಹೊಲದ ಕರಿಕಲ್ಲು, ಮಿಕ್ಕ ಫರ್ಸಿ ತುಂಡು ಎಲ್ಲ ಕೂಡಿಸಿ, ಗೌಂಡಿಯನ್ನು ಎದುರಿಗೆ ನಿಲ್ಲಿಸಿಕೊಂಡು ಹಿತ್ತಲ ಗೋಡೆಗೆ ಸಿಮೆಂಟಿನಲ್ಲಿ ಕೂರಿಸಿದರು. ದೂರದಿಂದ ನೋಡಿದರೆ ಹಳೆಯ ಬಾವಿಯ ಗೋಡೆಯೇ ಎದ್ದು ನಿಂತಂತೆ ಕಾಣುತ್ತದೆ. ಆದರೆ ಗೋಡೆಯ ಮುಖ ಪಶ್ಚಿಮಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಸೀಮೆ ನಮ್ಮದು. ಮಧ್ಯಾಹ್ನ ಕಾದ ಕಲ್ಲು ಊಟದ ಹೊತ್ತಿಗೂ ಆರುವುದಿಲ್ಲ. ಮಕ್ಕಳಿಗೆ ರಜೆ ಸಿಗುವುದೇ ಆ ತಿಂಗಳುಗಳಲ್ಲಿ. ಇನ್ನು ಫರ್ಸಿ. ಅದು ಶಹಾಬಾದ್ ಕಲ್ಲು, ಪದರು ಪದರಾಗಿ ಸೀಳುವ ಸುಣ್ಣದ ಕಲ್ಲು. ನೆಲಕ್ಕೆ ಹಾಸಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಸೀಳುವ ಗುಣದಿಂದಲೇ ಅದಕ್ಕೆ ಆ ಬೆಲೆ. ಅದೇ ಗುಣ ಕೈಗೆ ವೈರಿ. ಅಂಚು ಹರಿತ, ಜಗ್ಗಿದರೆ ಚಕ್ಕೆ ಏಳುತ್ತದೆ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ತಿದ್ದಲಾಗದ್ದು ಒಂದಿದೆ: ಸಿಮೆಂಟಿನಲ್ಲಿ ಕೂತ ಕಲ್ಲು ಕದಲುವುದಿಲ್ಲ. ಮೊದಲ ವಾರ ಹಿತ್ತಲಲ್ಲಿ ಜಾತ್ರೆ. ಒಂದು ತಿಂಗಳಲ್ಲಿ ದೊಡ್ಡ ಹುಡುಗನಿಗೆ ಪ್ರತಿ ಕಲ್ಲೂ ಬಾಯಿಪಾಠ. ಕಣ್ಣುಮುಚ್ಚಿ ಹತ್ತಿ ತೋರಿಸಿದ, ಎಲ್ಲರೂ ಶಭಾಸ್ ಅಂದರು, ಮರುದಿನದಿಂದ ಅವನು ಆ ಕಡೆ ಹಾಯಲಿಲ್ಲ. ಚಿಕ್ಕವಳಿಗೆ ಮೊದಲ ಕಲ್ಲೇ ಎಟುಕುತ್ತಿರಲಿಲ್ಲ, ಇವತ್ತಿಗೂ ಅದು ಅಲ್ಲೇ ಇದೆ. 1980ರ ದಶಕದಲ್ಲಿ ಫ್ರಾನ್ಸಿನವರು ಬೋಲ್ಟ್ ಹಾಕಿ ಬಿಗಿಯುವ, ಬೇಕಾದಾಗ ಬಿಚ್ಚಿ ಬೇರೆಡೆ ಕೂರಿಸುವ ರಾಳದ ಹಿಡಿಗಳನ್ನು ತಂದರು. ಗೋಡೆ ಒಂದೇ, ದಾರಿ ಸಾವಿರ ಎಂಬಂತಾಯಿತು. ನನ್ನ ದೃಷ್ಟಿಯಲ್ಲಿ ಈ ಕಲೆಯ ದೊಡ್ಡ ತಿರುವು ಅದೇ.

ನಮ್ಮ ಸೀಮೆಯ ಮಲ್ಲಕಂಬವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಬಾಗಲಕೋಟೆ, ಗದಗ ಜಿಲ್ಲೆಗಳಲ್ಲಿ ಇಂದಿಗೂ ಹುಡುಗರು ಹರಳೆಣ್ಣೆ ಸವರಿದ ಕಂಬದ ಮೇಲೆ ಆಡುತ್ತಾರೆ. ಅಲ್ಲಿ ಕಂಬ ಎಂದೂ ಬದಲಾಗುವುದಿಲ್ಲ, ಮೈ ಬದಲಾಗುತ್ತದೆ. ಹೊಸ ಹೊಸ ಪಟ್ಟು ಕಲಿಸುವ ಗುರು ಎದುರಿಗೆ ನಿಂತಿರುತ್ತಾನೆ. ಮನೆಯ ಗೋಡೆಗೆ ಗುರು ಇರುವುದಿಲ್ಲ. ಆದ್ದರಿಂದ ಪಾಠವನ್ನು ಗೋಡೆಯೇ ಬದಲಿಸಿ ಕೊಡಬೇಕು.

ಆಳಂದದ ಗೋಡೆಯ ಕತೆ ಚಿಕ್ಕದು. ಮೊಬೈಲಿನಲ್ಲಿ ನೋಡಿದ ಮೂನ್‌ಬೋರ್ಡಿನ ಹಾಗೆ 40 ಡಿಗ್ರಿ ಮುಂದಕ್ಕೆ ಬಾಗಿದ ಪ್ಲೈ ಹಲಗೆ, ಬೆರಳ ತುದಿ ಮಾತ್ರ ಕೂರುವ ಸಣ್ಣ ಹಿಡಿಗಳು. ಮೂನ್‌ಬೋರ್ಡ್ ಶೆಫೀಲ್ಡಿನ ಬೆನ್ ಮೂನ್ ಎಂಬ ನುರಿತ ಆರೋಹಿ ತನ್ನಂಥವರ ಕಸರತ್ತಿಗೆ ಮಾಡಿದ್ದು. ಜರ್ಮನಿಯ ವೂಲ್ಫ್‌ಗಾಂಗ್ ಗ್ಯುಲಿಶ್ 1988ರಲ್ಲಿ ಕಾಲಿಗೆ ಕೆಲಸವೇ ಇಲ್ಲದ, ಬರೀ ಬೆರಳಿನಲ್ಲಿ ಏರುವ ಪಟ್ಟಿಗಳ ಹಲಗೆ ಮಾಡಿಕೊಂಡದ್ದೂ ಅಂಥದೇ ಕಾರಣಕ್ಕೆ. ಬೆಳೆಯುವ ಮಕ್ಕಳ ಬೆರಳಿನ ಎಲುಬಿನಲ್ಲಿ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಪಟ್ಟಿ ಇರುತ್ತದೆ; ಸಣ್ಣ ಅಂಚಿಗೆ ಜೋತುಬಿದ್ದು ಜಗ್ಗಿದರೆ ಅಲ್ಲಿಯೇ ಪೆಟ್ಟು. ಅದು ಮಕ್ಕಳ ಗೋಡೆ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಜಾಗದ ಲೆಕ್ಕವೂ ತಪ್ಪಿತ್ತು. ಎಂಟಡಿ ಹಲಗೆಯನ್ನು 40 ಡಿಗ್ರಿ ಬಾಗಿಸಿದರೆ ಅದರ ತಲೆ ಐದಡಿಗೂ ಹೆಚ್ಚು ಮುಂದಕ್ಕೆ ಬರುತ್ತದೆ, ಕೋಣೆಯ ಅರ್ಧ ಅದಕ್ಕೇ ಹೋಗುತ್ತದೆ. 15 ಡಿಗ್ರಿಯಾದರೆ ಎರಡೇ ಅಡಿ.

ನಮ್ಮದು ಆ 15 ಡಿಗ್ರಿ. ಎರಡು ಪ್ಲೈ ಹಲಗೆ ಪಕ್ಕಪಕ್ಕಕ್ಕೆ ನಿಲ್ಲಿಸಿದರೆ ಎಂಟಡಿ ಅಗಲ, ಎಂಟಡಿಗೆ ತುಸು ಕಡಿಮೆ ಎತ್ತರ. ಪ್ಲೈ 18 ಮಿಲಿಮೀಟರ್ ದಪ್ಪದ್ದೇ ಆಗಬೇಕು, ಅದಕ್ಕಿಂತ ತೆಳುವಾದರೆ ಹಿಡಿ ಜಗ್ಗಿದಾಗ ಹಲಗೆ ಬಾಗುತ್ತದೆ. ಹಿಂದೆ ಕಬ್ಬಿಣದ ಚೌಕಟ್ಟು. ಮೊದಲು ಅದನ್ನು ಪಡಸಾಲೆಯ ಹಳೆಯ ಗೋಡೆಗೇ ಬೋಲ್ಟ್ ಹೊಡೆದು ಕೂರಿಸುವ ವಿಚಾರವಿತ್ತು. ಡ್ರಿಲ್ ಒಳಗೆ ಹೋದದ್ದೇ ತಡ, ಸಂದಿಯ ಮಣ್ಣು ಉದುರಿ ಬಂತು. ಎರಡಡಿ ದಪ್ಪದ ಗೋಡೆ ಅಂತ ನಂಬಿದರೆ ಆಗಲಿಲ್ಲ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ ಮೇಲಿನ ಭಾರ ಹೊರುತ್ತದೆ, ಹೊರಕ್ಕೆ ಜಗ್ಗುವ ಬೋಲ್ಟನ್ನು ಹಿಡಿಯುವುದಿಲ್ಲ. ಕೊನೆಗೆ ಚೌಕಟ್ಟು ತನ್ನ ಕಾಲ ಮೇಲೆ ತಾನೇ ನಿಲ್ಲುವ ಹಾಗೆ, ಮುಂದಕ್ಕೂ ಹಿಂದಕ್ಕೂ ಚಾಚಿದ ಪಾದ ಕೊಟ್ಟು ವೆಲ್ಡ್ ಮಾಡಿಸಿದೆವು. ಹೊರಗೆ ಅಂಗಳದಲ್ಲಿ ನಿಲ್ಲಿಸುವವರಿಗೆ ಇನ್ನೊಂದು ಮಾತು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಕಂಬದ ಗುಂಡಿ ಕೆಳಗಿನ ಗರಸು ಮುಟ್ಟದಿದ್ದರೆ ಎರಡು ವರ್ಷದಲ್ಲಿ ಕಂಬ ವಾಲುತ್ತದೆ.

ಹಲಗೆಯ ತುಂಬ 20 ಸೆಂಟಿಮೀಟರಿಗೊಂದು ತೂತು, ಪ್ರತಿ ತೂತಿನ ಬೆನ್ನಿಗೆ ಒಂದು ಟಿ-ನಟ್. ಮುಂದಿನಿಂದ 10 ಮಿಲಿಮೀಟರಿನ ಬೋಲ್ಟ್ ಬಿಗಿದರೆ ಹಿಡಿ ಕೂತಿತು, ಬಿಚ್ಚಿದರೆ ಬಂತು. ಹಿಡಿಗಳನ್ನು ನಾವು ಜಾಲಿ ಕಟ್ಟಿಗೆಯಲ್ಲಿ ಮಾಡಿಸಿದೆವು. ಒಕ್ಕಲುತನದ ಸಾಮಾನು ಮಾಡುವ ಬಡಗಿಗೆ ಆ ಕಟ್ಟಿಗೆಯ ಸ್ವಭಾವ ಗೊತ್ತು. ಅಂಗೈ ತುಂಬುವಷ್ಟು ದಪ್ಪ, ಒಂದೇ ಒಂದು ಅಂಚೂ ಉಳಿಯದಂತೆ ಉಜ್ಜಿ ಕೊಟ್ಟ. ಮೊದಲ ದಿನವೇ ಒಂದು ತಪ್ಪು ಕಂಡಿತು. ಮಗಳು ಬಲಗಾಲು ಇಟ್ಟು ಏಳುವಷ್ಟರಲ್ಲಿ ಹಿಡಿ ಬೋಲ್ಟಿನ ಸುತ್ತ ಗರಕ್ಕನೆ ತಿರುಗಿತು, ಅವಳು ಜಾರಿ ಕೂತಳು. ಆ ಸಂಜೆಯೇ ಪ್ರತಿ ಹಿಡಿಗೂ ಬೋಲ್ಟಿನ ಪಕ್ಕ ಒಂದೊಂದು ಸ್ಕ್ರೂ ಜಡಿದೆವು. ಒಂದೂವರೆ ಇಂಚಿನ ಆ ಸ್ಕ್ರೂ ಇಲ್ಲದ ಕಟ್ಟಿಗೆಯ ಹಿಡಿಯನ್ನು ಯಾರೂ ನಂಬಬಾರದು.

ಹತ್ತುವುದನ್ನು ಕಲಿಸಿದ್ದು ನಮ್ಮ ಆಯಿ. ಹಲಗೆಯ ಕೆಳಗೆ ಕೂತು ಕೂಗಿದರು: "ಏ ಸಣ್ಣಾಕಿ, ಕೈಲೆ ಜಗ್ಗಬ್ಯಾಡ, ಕಾಲಿಲೆ ಏಳು."

"ಆಯಿ, ನಿನಗ ಹೆಂಗ ಗೊತ್ತು?"

"ಬಾವ್ಯಾಗಿಂದ ಕೊಡ ಹೊತ್ಕೊಂಡು ಹತ್ತತಿದ್ದೆ ಯವ್ವಾ. ಕೈ ಎಲ್ಲಿ ಖಾಲಿ ಇರ್ತಿತ್ತು?"

ದೊಡ್ಡ ದೊಡ್ಡ ತರಬೇತುದಾರರು ಹೊಸಬರಿಗೆ ಮೊದಲ ದಿನ ಹೇಳುವ ಪಾಠವೂ ಇದೇ. ಹುಡುಗರು ತೋಳಿನ ಬಲದಲ್ಲಿ ಜಗ್ಗುತ್ತಾರೆ, ಬೇಗ ದಣಿಯುತ್ತಾರೆ. ಹುಡುಗಿಯರು ಕಾಲಿನಿಂದ ಯೋಚಿಸುತ್ತಾರೆ, ಹೆಚ್ಚು ಹೊತ್ತು ಗೋಡೆಯ ಮೇಲಿರುತ್ತಾರೆ. ನಮ್ಮ ಮನೆಯಲ್ಲಿ ಕಂಡದ್ದನ್ನು ಹೇಳುತ್ತಿದ್ದೇನೆ. ಓಣಿಯ ಬಯಲಿನಲ್ಲಿ ಕ್ರಿಕೆಟ್ ಆಡುವವರೆಲ್ಲ ಹುಡುಗರೇ ಆಗಿರುವ ಊರಿನಲ್ಲಿ, ಸಂಜೆ ಆರರ ಮೇಲೆ ಪಡಸಾಲೆಯಲ್ಲಿ ನಾಲ್ಕು ಹುಡುಗಿಯರು ಬೆವರು ಸುರಿಸಿ ಆಡುವ ಜಾಗ ಇದೊಂದೇ. ಗೋಡೆಯ ಪರವಾಗಿ ನನ್ನ ಬಳಿಯಿರುವ ಅತಿ ಗಟ್ಟಿ ವಾದ ಇದು.

ಮೂರೂ ಗೋಡೆಗಳಲ್ಲಿ ಮೊದಲು ಆದ ದೊಡ್ಡ ತಪ್ಪು ಮಾತ್ರ ಒಂದೇ. ಗೋಡೆಯನ್ನು ಕಟ್ಟಿದೆವು, ನೆಲವನ್ನು ಮರೆತೆವು. ಅಕ್ಕನ ಮನೆಯಲ್ಲಿ ಕೆಳಗೆ ಹಾಸಿದ್ದು ಫರ್ಸಿ. ಮೂರಡಿ ಎತ್ತರದಿಂದ ಜಾರಿದ ಅಕ್ಕನ ಮಗಳು ಅಂಗೈ ಊರಿ ಬಿದ್ದಳು, ಮಣಿಕಟ್ಟು ಆರು ವಾರ ಪಟ್ಟಿಯಲ್ಲಿತ್ತು. ಆರಡಿ ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವಾಗ ಗಂಟೆಗೆ ಸುಮಾರು 21 ಕಿಲೋಮೀಟರ್ ವೇಗದಲ್ಲಿರುತ್ತದೆ. ಹತ್ತಿ ಬೆಳೆಯುವ ಸೀಮೆಯವರು ನಾವು, ಹತ್ತಿ ಗಾದಿ ಹಾಸಿದರೆ ಸಾಕು ಎಂದುಕೊಂಡೆ. ಸಾಲದು. ಗಾದಿಯ ಹತ್ತಿ ನಾಲ್ಕು ದಿನದಲ್ಲಿ ಗಂಟು ಕಟ್ಟಿ ಹಲಗೆಯಾಗುತ್ತದೆ, ಎರಡು ಗಾದಿಯ ನಡುವಿನ ಸಂದಿಯಲ್ಲಿ ಕಾಲು ಸಿಕ್ಕಿ ಹೊರಳುತ್ತದೆ. ಕೆಳಗೆ ದಪ್ಪನೆಯ ಮೆತ್ತನೆ ಫೋಮ್, ಮೇಲೆ ಬಿಗಿಯಾದ ತೆಳು ಫೋಮ್, ಎರಡನ್ನೂ ಒಂದೇ ರೆಕ್ಸಿನ್ ಚೀಲದಲ್ಲಿ ಸಂದಿಯಿಲ್ಲದೆ ಹೊಲಿಸಿ, ಹಲಗೆಯ ಅಗಲಕ್ಕಿಂತ ಎರಡೂ ಬದಿ ಹೆಚ್ಚಾಗಿ ಹಾಸಬೇಕು. ನಮ್ಮ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಇದಕ್ಕೇ ಹೋಯಿತು, ಅದು ಸರಿಯಾಗಿಯೇ ಹೋಯಿತು. ಗರಡಿಮನೆಯ ಹಿರಿಯರಿಗೆ ಇದು ತಿಳಿದಿತ್ತು. ಕೆಂಪುಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿ, ಅಗೆದು ಮೆತ್ತಗಾಗಿಸಿದ ಮೇಲೆಯೇ ಪೈಲವಾನರನ್ನು ಇಳಿಸುತ್ತಿದ್ದರು.

ಹತ್ತುವುದೆಂದರೆ ನಮ್ಮ ಜನಕ್ಕೆ ನೆನಪಾಗುವುದು ಚಿತ್ರದುರ್ಗದ ಜ್ಯೋತಿರಾಜ್. ಹಗ್ಗವಿಲ್ಲದೆ ಕೋಟೆಯ ಗೋಡೆ ಏರುವ ಆತನನ್ನು ಕೋತಿರಾಜ ಎಂದು ನಾಡೇ ಕರೆಯಿತು. ಆತನ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ಮನೆಯ ಗೋಡೆಗೆ ಆತನನ್ನು ಮಾದರಿ ಮಾಡಿಕೊಳ್ಳಬಾರದು. ಅಲ್ಲಿ ಬಿದ್ದರೆ ಕತೆ ಮುಗಿಯಿತು. ಇಲ್ಲಿ ದಿನಕ್ಕೆ ಇಪ್ಪತ್ತು ಸಲ ಬೀಳುವುದೇ ಕಲಿಕೆ. ಟೋಕಿಯೋ ಒಲಿಂಪಿಕ್ಸಿನಿಂದ ಗೋಡೆ ಹತ್ತುವುದು ಪದಕದ ಆಟವೂ ಹೌದು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಗೋಡೆಯಿದೆ, ಬಾದಾಮಿಯ ಕೆಂಪು ಬಂಡೆಗೆ ದೇಶವಿದೇಶದವರು ಬರುತ್ತಾರೆ. ನಮ್ಮ ಮಕ್ಕಳಿಗೆ ಎರಡೂ ದೂರ. ಜೇವರ್ಗಿಯಿಂದ ಬೆಂಗಳೂರಿಗೆ ಒಂದು ರಾತ್ರಿಯ ಪಯಣ.

ಮೂರರಲ್ಲಿ ಬಳಕೆಯಲ್ಲಿ ಉಳಿದದ್ದು ನಮ್ಮ ಹಲಗೆ ಗೋಡೆಯೇ. ಅಕ್ಕನ ಮನೆಯ ಕಲ್ಲುಗೋಡೆಯಷ್ಟು ಅಂದ ಇದಕ್ಕಿಲ್ಲ, ಪಡಸಾಲೆಗೆ ಇದು ಒಪ್ಪುವುದೂ ಇಲ್ಲ. ಆದರೂ ಪ್ರತಿ ಅಮಾವಾಸ್ಯೆಯ ದಿನ ಮಕ್ಕಳೇ ಪಾನಾ ಹಿಡಿದು ಹಿಡಿಗಳನ್ನು ಬಿಚ್ಚಿ ಹೊಸ ದಾರಿ ಹಾಕುತ್ತಾರೆ, ಹಾಕಿದ ದಾರಿಗೆ ಹೆಸರಿಡುತ್ತಾರೆ. ಹತ್ತಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚಾದ ದಿನವೂ ಉಂಟು.

ಕಟ್ಟಿಸಬೇಕು ಅನ್ನುವವರು ಪ್ಲೈ ತರಲು ಅಂಗಡಿಗೆ ಹೋಗುವ ಮುಂಚೆ ಮನೆಯ ಅತಿ ಚಿಕ್ಕ ಮಗುವನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಅದು ಕೈ ಎತ್ತಿದರೆ ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಮೊದಲ ಎರಡು ಹಿಡಿಗಳು ಆ ಗೆರೆಯ ಕೆಳಗೆ ಬರಲಿ.